ಮಗ್ಗ ನಿಲ್ಲಿಸಿದ ಇಪ್ಪತ್ತು ನಿಮಿಷ

ಬಿ.ಎ. ಕೊನೆಯ ವರ್ಷದ ಡೈರಿಯ ಹಿಂದಿನ ಪುಟದಲ್ಲಿ ಗೀಟು ಎಳೆದು ಲೆಕ್ಕ ಇಟ್ಟಿದ್ದೇನೆ. ಬನಹಟ್ಟಿಯಿಂದ ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತು ಹೋದ ದಿನ ನೂರಾ ಹದಿನೇಳು, ಕೂತು ಹೋದದ್ದು ಒಂಬತ್ತು. ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂತದ್ದು ಅಷ್ಟೂ ದಿನ.

ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು ನಾವು ಹನ್ನೊಂದೇ ಜನ. ಆದರೂ ನಾನು ಸರ್ ಮುಖದ ಎದುರಿಗೇ ಕೂರುತ್ತಿದ್ದೆ.

"ನೀ ಪಾಠ ಕೇಳಾಕ ಬರ್ತೀಯೋ, ನನ್ನ ಹಲ್ಲ ಎಣಸಾಕ ಬರ್ತೀಯೋ?" ಎಂದು ಒಮ್ಮೆ ಕೇಳಿದರು.

"ಎರಡಕ್ಕೂ ರೀ ಸರ್. ಕೆಳಗ ಒಂದು ಕಮ್ಮಿ ಐತಿ."

ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

ನಮ್ಮ ಅಡುಗೆಮನೆಯ ಗೋಡೆಯಾಚೆ ನಾಲ್ಕು ಪಾವರ್‌ಲೂಮ್ ಓಡುತ್ತವೆ. ಆ ಸದ್ದಿನಲ್ಲಿ ಬೆಳೆದವರು ಎದುರಿನವರ ತುಟಿ ನೋಡಿ ಅರ್ಧ ಮಾತು ತಿಳಿಯುತ್ತೇವೆ, ಉತ್ತರವನ್ನು ಕೂಗಿ ಹೇಳುತ್ತೇವೆ. ಇದೊಂದು ವಿಶೇಷ ಎಂದು ನನಗೆ ಅನ್ನಿಸಿರಲೇ ಇಲ್ಲ.

ಇಂಗ್ಲಿಷ್ ಓದಿದವರಿಗಿರುವ ದಾರಿಗಳನ್ನು ಸರ್ ಕೊನೆಯ ವಾರ ಬೋರ್ಡಿನ ಮೇಲೆ ಬರೆದರು: ಎಂ.ಎ., ಬಿ.ಇಡಿ., ಕೋರ್ಟಿನ ಎದುರು ಅರ್ಜಿಗಳ ಅನುವಾದ, ಗ್ರಾಹಕರಿಗೆ ಮನೆಯಿಂದಲೇ ಫೋನಿನಲ್ಲಿ ಉತ್ತರಿಸುವ ಕೆಲಸ. ನನಗೆ ಬೇಕಾದದ್ದು ಕೊನೆಯದು. ಮುಧೋಳದ ಚಿಕ್ಕಮ್ಮನ ಮನೆಯಲ್ಲಿ ಮಗ್ಗವಿಲ್ಲ. ಅಲ್ಲೇ ಇದ್ದು, ಕೂತಲ್ಲೇ ದುಡಿಯಬಹುದಿತ್ತು. ಮೂರು ವರ್ಷ ನಿಂತ ಕಾಲುಗಳಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಫೋನಿನಲ್ಲಿ ನಡೆದ ಮೊದಲ ಎರಡು ಸಂದರ್ಶನಗಳಲ್ಲಿ ಸೋತೆ. ಮಾಳಿಗೆ ಮೇಲೆ ಕೂತರೂ ಮಗ್ಗದ ಸದ್ದು ಬರುತ್ತಿತ್ತು; ತಪ್ಪನ್ನು ಅದರ ಮೇಲೆ ಹೊರಿಸಿದೆ. ಮೂರನೆಯದರ ದಿನ ಅಪ್ಪ ತಾನಾಗಿಯೇ ಬಂದು ನಿಂತ.

"ಎಷ್ಟೊತ್ತ ಬೇಕ?"

"ಇಪ್ಪತ್ತು ನಿಮಿಷ."

ಅಪ್ಪ ನಾಲ್ಕೂ ಮಗ್ಗ ನಿಲ್ಲಿಸಿದ. ಕರೆಂಟು ಇದ್ದಾಗ, ಹಾಡಹಗಲೇ. ಪಕ್ಕದ ಮನೆಯವಳು ಗಾಬರಿಯಿಂದ ಓಡಿಬಂದಳು: "ಯಾಕ್ರೀ, ಯಾರಿಗೇನಾತು?"

"ಯಾರಿಗೂ ಏನೂ ಆಗಿಲ್ಲಬೇ, ಮಗಳ ಪರೀಕ್ಷಿ ನಡದೈತಿ," ಎಂದು ಅವ್ವ ಪಿಸುಗುಟ್ಟಿದ್ದು ಅವಳ ತುಟಿಯ ಮೇಲೆ ನನಗೂ ಕಂಡಿತು.

ಫೋನಿನಲ್ಲಿದ್ದ ಹೆಣ್ಣುಮಗಳ ದನಿ ಜೋರಾಗಿಯೇ ಇತ್ತು. ಹನ್ನೆರಡು ಪ್ರಶ್ನೆ ಕೇಳಿದಳು. ನಾಲ್ಕಕ್ಕೆ ಉತ್ತರಿಸಿದೆ, ಉಳಿದವುಗಳಲ್ಲಿ ಪದಗಳೆಲ್ಲ ಒಂದರೊಳಗೊಂದು ಸೇರಿಹೋಗಿ, ಮತ್ತೆ ಹೇಳಿ, ಮತ್ತೆ ಹೇಳಿ ಎಂದೆ. ಇಷ್ಟು ಕೂಗಬೇಕಾಗಿಲ್ಲ ಎಂದು ಅವಳು ಎರಡು ಸಲ ಮೆಲ್ಲಗೆ ಹೇಳಿದಳು. ಪೂರ್ತಿ ಹೊತ್ತು ನಾನು ಫೋನಿನ ಕಪ್ಪು ಪರದೆಯನ್ನೇ ನೋಡುತ್ತಿದ್ದೆ, ಅಲ್ಲೊಂದು ಬಾಯಿ ಕಾಣುತ್ತದೆ ಎಂಬಂತೆ. ಹಾಗೆ ನೋಡುತ್ತಿದ್ದೇನೆಂದು ಗೊತ್ತಾದಾಗ ಮೊದಲ ಬೆಂಚು ನೆನಪಾಯಿತು; ಅಲ್ಲಿಯೂ ನಾನು ಪಾಠವನ್ನು ಕಿವಿಗಿಂತ ಕಣ್ಣಿನಿಂದಲೇ ಕೇಳುತ್ತಿದ್ದೆ. ಈ ಸಲ ಮಗ್ಗವನ್ನು ದೂರುವಂತಿರಲಿಲ್ಲ.

ಹನ್ನೊಂದನೇ ನಿಮಿಷಕ್ಕೆ ಕರೆ ಮುಗಿಯಿತು. ಆದರೂ ಅಪ್ಪ ಇಪ್ಪತ್ತು ನಿಮಿಷ ಮುಗಿಯುವ ತನಕ ಕಾದೇ ಒಳಗೆ ಇಣುಕಿದ.

"ಆತೇನು?"

"ಆಗಲಿಲ್ಲಪಾ."

"ಹಚ್ಚಲೇನ ಮತ್ತ?"

"ಹಚ್ಚು."

ಮಗ್ಗಗಳು ಒಂದೊಂದಾಗಿ ಶುರುವಾದವು. ಆ ಸದ್ದಿನ ನಡುವೆ ಅವ್ವ ಬಾಗಿಲಲ್ಲಿ ನಿಂತು ತುಟಿ ಅಲುಗಾಡಿಸಿದಳು. ಎದ್ದು ಎರಡು ತುತ್ತು ಉಣ್ಣು, ನಾಳೆ ಆ ಕೋರ್ಟಿನ ಕೆಲಸ ಕೇಳಿಕೊಂಡು ಬಾ. ಒಂದಕ್ಷರವೂ ಬಿಟ್ಟುಹೋಗಲಿಲ್ಲ.

ಈಗ ಜಮಖಂಡಿಯ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕನ್ನಡದ ಅರ್ಜಿಗಳನ್ನು ಇಂಗ್ಲಿಷಿಗೆ ಮಾಡುತ್ತೇನೆ. ಕಾಗದಕ್ಕೆ ಬಾಯಿ ಬೇಕಿಲ್ಲ. ಹೊಸ ಡೈರಿಯಲ್ಲಿ ಲೆಕ್ಕ ಹೀಗಿದೆ: ಅರ್ಜಿ ಅರವತ್ತೆರಡು. ಬಸ್ಸಿನಲ್ಲಿ ನಿಂತ ದಿನ ಮೂವತ್ತೊಂದು, ಕೂತದ್ದು ಎರಡು.