ಮೂಗುಬೊಟ್ಟಿನ ಕಡೆಯ ಹೊಳ್ಳೆ

ಸತತವಾಗಿ ಹನ್ನೊಂದು ಸೀನು. ಕಪ್ಪುಹಲಗೆಯ ಮೇಲೆ ಸಮೀಕರಣ ಅರ್ಧಕ್ಕೇ ನಿಂತಿತು. ಹಿಂದಿನ ಬೆಂಚಿನ ಹುಡುಗಿಯರು ಸೀನುಗಳನ್ನು ಎಣಿಸುತ್ತಿದ್ದರೆಂದು ಆಮೇಲೆ ತಿಳಿಯಿತು.

ಕೊರಟಗೆರೆಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಕೆಲಸ ಇನ್ನೂ ಖಾಯಂ ಆಗಿಲ್ಲ. ಮಧುಗಿರಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಡಲೆಕಾಯಿ ಬಿಡಿಸುವ ಕಾಲ ಬಂತೆಂದರೆ ದಾರಿಯುದ್ದಕ್ಕೂ ಧೂಳು. ಮೂಗು ಕಟ್ಟುತ್ತಿತ್ತು, ಮೂರನೆಯ ಪೀರಿಯಡ್ಡಿಗೆ ದನಿ ಹೋಗುತ್ತಿತ್ತು. ಮಾತ್ರೆ ನುಂಗಿದರೆ ತರಗತಿಯಲ್ಲೇ ತೂಕಡಿಕೆ. ದೀಪಾವಳಿ ರಜೆಯೊಳಗೆ ಸರಿಹೋಗದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೆಡ್‌ಮಿಸ್ಟ್ರೆಸ್ ಸಂಕೋಚದಿಂದಲೇ ಹೇಳಿದರು.

ತುಮಕೂರಿನ ಇ.ಎನ್.ಟಿ. ಡಾಕ್ಟರು, ಮಧ್ಯವಯಸ್ಸಿನ ಹೆಂಗಸು, ಅಲರ್ಜಿ ಎಂದರು. ಮೂಗಿಗೆ ಸ್ಪ್ರೇ ಬರೆದುಕೊಟ್ಟರು. ಹೊಡೆದುಕೊಳ್ಳುವ ಬಗೆ ತೋರಿಸಲು ಹೊರಟಾಗ ನಾನು ಗೊತ್ತೆಂದು ತಲೆಯಾಡಿಸಿದೆ. ಅದರಲ್ಲಿ ಸ್ಟೆರಾಯ್ಡ್ ಇದೆ ಎಂದೂ ಅವರೇ ಹೇಳಿದರು.

ಆ ಪದ ನಮ್ಮ ಬೀದಿಗೆ ಗೊತ್ತಿತ್ತು. ಎದುರುಮನೆಯಾಕೆ ಉಬ್ಬಸಕ್ಕೆಂದು ಯಾರನ್ನೂ ಕೇಳದೆ ತಿಂಗಳುಗಟ್ಟಲೆ ಅಂಥ ಮಾತ್ರೆ ನುಂಗಿ ಮುಖ ಊದಿಸಿಕೊಂಡಿದ್ದರು. ಸ್ಪ್ರೇಯಲ್ಲಿರುವ ಪ್ರಮಾಣ ತೀರ ಸಣ್ಣದು, ಹೇಳಿದಷ್ಟೇ ಹಾಕಿಕೊಂಡರೆ ಮೈಗೆ ಸೇರುವುದು ಅತ್ಯಲ್ಪ ಎಂಬ ಡಾಕ್ಟರ ವಿವರಣೆಯನ್ನು ಅಮ್ಮನಿಗೆ ಒಪ್ಪಿಸಿದೆ.

ಒಂದೇ ದಿನಕ್ಕೆ ಗುಣ ಕಾಣದು, ಸೀನಿಲ್ಲದ ದಿನವೂ ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ಬಿಡಲಿಲ್ಲ. ಎರಡನೆಯ ವಾರ ಒಂದು ಬೆಳಿಗ್ಗೆ ಒಗ್ಗರಣೆಯ ವಾಸನೆ ಬಂತು. ಹಾಸಿಗೆಯಲ್ಲೇ ಕುಳಿತು ಸುಮ್ಮನೆ ಉಸಿರಾಡಿದೆ.

ಮೂರನೆಯ ವಾರ ಕರವಸ್ತ್ರದಲ್ಲಿ ರಕ್ತ.

"ಬುಟ್ಬುಡವ್ವ ಅದ್ನ," ಎಂದಳು ಅಮ್ಮ. "ರಕ್ತ ಬರ್ಸೋದು ಅದ್ಯಾವ್ ಸೀಮೆ ಔಷ್ದಿ?"

ಬಿಟ್ಟೆ. ನಾಲ್ಕೇ ದಿನಕ್ಕೆ ಸೀನು ಮರಳಿತು. ರಜೆಗೆ ಇನ್ನು ಹತ್ತು ದಿನ. ಮತ್ತೆ ತುಮಕೂರಿಗೆ ಹೊರಟಾಗ ಅಮ್ಮನೂ ಜೊತೆಗೆ ಬಂದಳು, ಡಾಕ್ಟರನ್ನು ಕೇಳಿಯೇ ಬಿಡುವ ಮುಖ ಮಾಡಿಕೊಂಡು.

ರಕ್ತ ಯಾವ ಕಡೆ ಎಂದು ಡಾಕ್ಟರು ಕೇಳಿದರು. ಬಲಗಡೆ ಮಾತ್ರ, ಎಂದೆ. ಒತ್ತಬೇಡಿ, ಸ್ಪ್ರೇ ಹಿಡಿದು ತೋರಿಸಿ, ಎಂದರು.

ಅಮ್ಮ ನೆಗಡಿಗೆಂದು ಮೂಗಿನಲ್ಲಿ ತುಪ್ಪ ಬಿಡುವಾಗ ಮಾಡಿಸುವಂತೆ ತಲೆ ಹಿಂದಕ್ಕೆ ಚೆಲ್ಲಿದೆ. ಬಲಗೈ, ಬಲಹೊಳ್ಳೆ. ಸ್ಪ್ರೇಯ ತುದಿ ಮೂಗುಬೊಟ್ಟಿನ ತಿರುಪಿಗೆ ತಾಗಿತು. ನೋವು ತಪ್ಪಿಸಲು ಕೈ ತಾನಾಗಿ ತುದಿಯನ್ನು ಮೂಗಿನ ನಡುವಿಗೆ ತಿರುಗಿಸಿತು. ದಿನವೂ ಹೀಗೇ ಮಾಡುತ್ತಿದ್ದೆ. ಗಮನಿಸಿರಲಿಲ್ಲ.

"ಟೀಚರಮ್ಮ, ನೀವು ಗೋಡೆಗೆ ಹೊಡೀತಿದೀರಿ," ಎಂದು ಡಾಕ್ಟರು ನಕ್ಕರು.

ಎರಡು ಹೊಳ್ಳೆಗಳ ನಡುವಿನ ತೆಳುವಾದ ಗೋಡೆಗೆ, ಒಂದೇ ಜಾಗಕ್ಕೆ, ದಿನವೂ. ಅಲ್ಲಿ ಹುಣ್ಣಾಗಿತ್ತು. ಬಲಬದಿಗೆ ಒಂದು ವಾರ ಬಿಡುವು ಕೊಟ್ಟು ಮತ್ತೆ ಬಂದು ತೋರಿಸಬೇಕು. ಆಮೇಲೆ ಮೂಗು ಸೀಟಿ, ಶೀಶೆ ಅಲ್ಲಾಡಿಸಿ, ತಲೆ ತುಸು ಬಗ್ಗಿಸಬೇಕು. ಬಲಹೊಳ್ಳೆಗೆ ಎಡಗೈ, ಎಡಹೊಳ್ಳೆಗೆ ಬಲಗೈ. ತುದಿ ಆಯಾ ಬದಿಯ ಕಿವಿಯತ್ತ. ಜೋರಾಗಿ ಎಳೆಯಬಾರದು, ಹೇಳಿದ್ದಕ್ಕಿಂತ ಒಂದೂ ಹೆಚ್ಚು ಬೇಡ. ರಕ್ತ ಮತ್ತೆ ಬಂದರೆ ನಿಲ್ಲಿಸಿ ತಮ್ಮಲ್ಲಿಗೆ ಬರಬೇಕು. ಹೊಡೆದುಕೊಳ್ಳುವಾಗ ಮೂಗುಬೊಟ್ಟು ಇರಕೂಡದು.

ಅಮ್ಮನ ಮುಖ ಸಣ್ಣದಾಯಿತು. ನಮ್ಮಲ್ಲಿ ಹೆಣ್ಣಿನ ಮೂಗು ಬರಿದಾಗುವುದು ಗಂಡ ಸತ್ತಾಗ. ನನಗಿನ್ನೂ ಮದುವೆಯಾಗಿಲ್ಲ.

ಮಧುಗಿರಿಯ ಬಸ್ಸು ಹತ್ತಿದೆವು. ಕೊರಟಗೆರೆಯಲ್ಲಿ ನನ್ನ ಸ್ಕೂಲಿನ ಮಕ್ಕಳು ಹತ್ತಿ, ಟೀಚರ್ ಯಾವಾಗ ಬರ್ತೀರಾ ಎಂದು ಕೇಳಿ, ಮುಂದಿನ ಹಳ್ಳಿಯಲ್ಲಿ ಇಳಿದುಹೋದರು. ಆಮೇಲೆ ಅಮ್ಮ ಕೇಳಿದಳು: "ಎಷ್ಟೊತ್ತು ತೆಗ್ದಿರ್ಬೇಕಂತೆ?"

"ಎರಡು ನಿಮಿಷ."

"ಎಲ್ಡು ನಿಮ್ಸ ಬಾಗ್ಲು ಹಾಕ್ಕಂಡ್ರಾಯ್ತು, ಬುಡು."

ವಾರ ಕಳೆದು, ಹುಣ್ಣು ವಾಸಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ ಬೆಳಗಿನ ಕ್ರಮ ಇದು. ಅಮ್ಮ ಬಾಗಿಲು ಮುಚ್ಚುತ್ತಾಳೆ. ಎಣ್ಣೆಬೆರಳಿನಿಂದ ತಿರುಪು ಬಿಚ್ಚಿ ಮೂಗುಬೊಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ. ನಾನು ತಲೆ ಬಗ್ಗಿಸುತ್ತೇನೆ. ರಕ್ತ ಮತ್ತೆ ಬಂದಿಲ್ಲ. ರಜೆಯ ನಂತರವೂ ಪಾಠ ಮಾಡುತ್ತಿದ್ದೇನೆ. ಡಾಕ್ಟರು ಪ್ರಮಾಣ ಇಳಿಸಿದ್ದಾರೆ. ಮುಂದಿನ ಸುಗ್ಗಿಗೆ ಸೀನು ಮರಳಬಹುದು ಎಂದೂ ಹೇಳಿದ್ದಾರೆ. ಮರಳಲಿ.

ಹೋದ ವಾರ ಅಮ್ಮ ಬಾಗಿಲು ಹಾಕುವುದನ್ನು ಮರೆತಿದ್ದಳು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಎದುರುಮನೆಯಾಕೆ ಹೊಸ್ತಿಲಲ್ಲೇ ನಿಂತು ನನ್ನ ಬರಿಮೂಗನ್ನು ನೋಡಿದರು.

"ಒಳೀಕ್ ಬಾ ಕಣಮ್ಮ. ಔಷ್ದಿ ಹಾಕ್ಕಂತಾವ್ಳೆ," ಎಂದಳು ಅಮ್ಮ.

ಬಾಗಿಲು ಮುಚ್ಚಲು ಏಳಲಿಲ್ಲ.