ದೇವಮಾಸೊವಿನ ನೆತ್ತಿಗೆ ನೀರು

ದೇವಬಾಗದ ದಂಡೆಗೆ ತಿಮಿಂಗಿಲದ ಮರಿ ಬಂದು ಬಿದ್ದ ಬೆಳಿಗ್ಗೆ ನಾನು ತವರಿನಲ್ಲಿದ್ದೆ. ಮಲ್ಲಾಪುರದ ಕ್ವಾರ್ಟರ್ಸಿನಿಂದ ರಜೆಗೆಂದು ಬಂದವಳು, ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟು ಆಯಿಯ ಹಿಂದೆ ಓಡಿದೆ. ಮರಿ ಎಂದರೂ ನಮ್ಮ ದೋಣಿಯಷ್ಟು ಉದ್ದ. ಬಾಲಕ್ಕೆ ಸುತ್ತಿಕೊಂಡ ಹಸಿರು ನೈಲಾನ್ ಬಲೆ ಮಾಂಸದೊಳಗೆ ಇಳಿದಿತ್ತು. ಹರಿಯಿತೆಂದು ಯಾರೋ ಸಮುದ್ರಕ್ಕೆ ಎಸೆದ ಬಲೆ. ಮರಿ ಇನ್ನೂ ಬದುಕಿತ್ತು.

ಮೀನು ಹಿಡಿಯಲು ಟ್ರಾಲರಿಗೆ ಹೋಗುವ ನನ್ನ ಅಣ್ಣ ಚೂರಿ ಹಿಡಿದು ಬಾಲದ ಹತ್ತಿರ ಕೂತು ಒಂದೊಂದೇ ಎಳೆ ಕೊಯ್ಯತೊಡಗಿದ. ಉಬ್ಬರ ಬರುವವರೆಗೆ ಜೀವ ಹಿಡಿದಿದ್ದರೆ ಎಲ್ಲರೂ ಸೇರಿ ನೀರಿಗೆ ನೂಕಬಹುದು. ಅದೊಂದೇ ಆಸೆ.

ಆದರೆ ನಮ್ಮ ಕಡೆ ಇದಕ್ಕೆ ದೇವಮಾಸೊ ಅನ್ನುತ್ತಾರೆ, ದೇವರ ಮೀನು. ದೇವರೇ ಬಾಗಿಲಿಗೆ ಬಂದರೆ ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಅರಿಶಿನ ಕುಂಕುಮ ಬಂತು, ಅಬ್ಬಲಿಗೆ ಮಾಲೆ ಬಂತು, ಕೊಡಗಟ್ಟಲೆ ಬಾವಿನೀರು ಬಂತು. ನೆತ್ತಿಗೆ ಅಭಿಷೇಕ ಶುರುವಾಯಿತು. ಎಲ್ಲರಿಗಿಂತ ಮುಂದೆ ನನ್ನನ್ನು ಹೆತ್ತ ಆಯಿ. ಆ ಪ್ರಾಣಿಗೆ ಮೂಗಿರುವುದೇ ನೆತ್ತಿಯಲ್ಲಿ. ತೂತು ತೆರೆಯಿತು, ನೀರು ಒಳಗೆ ಹೋಯಿತು, ಇಡೀ ಮೈ ಅದುರಿತು.

“ಆಯಿ, ಅಲ್ಲಿ ಹಾಕ್ಬೇಡ. ಅದು ಉಸಿರಾಡೂ ಜಾಗ,” ಎಂದು ಅವಳ ಕೈ ಹಿಡಿದೆ.

“ಸಮುದ್ರದಾಗೆ ಇರೂದಕ್ಕೆ ನೀರು ಹಾಕಿದ್ರೆ ಎಂತ ಆಗ್ತದೆ? ನಾಲ್ಕಕ್ಷರ ಕಲ್ತೆ ಅಂತ ದೇವರಿಗೇ ಅಡ್ಡ ಬರ್ಬೇಡ,” ಎಂದು ಆಯಿ ಕೈ ಕೊಡವಿಕೊಂಡಳು.

ಬೇಡಿಕೊಂಡೆ, ಬೈದೆ, ಕೊನೆಗೆ ಎರಡೂ ಅಂಗೈಗಳನ್ನು ಆ ತೂತಿನ ಮೇಲೆ ಸೂರಿನಂತೆ ಹಿಡಿದು ನಿಂತೆ. ಒಬ್ಬಳನ್ನು ತಡೆದರೆ ಇನ್ನೊಬ್ಬಳು ಆಚೆಯಿಂದ ಸುರಿಯುತ್ತಿದ್ದಳು. ಅಂಗೈಗೆ ಬಿಸಿಯುಸಿರು ತಾಗುತ್ತಿತ್ತು, ಪ್ರತಿ ಸಲ ಇನ್ನಷ್ಟು ತಡವಾಗಿ. ನನ್ನವರ ಭಕ್ತಿಯ ಮೇಲೆ ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಅಷ್ಟು ಅಸಹಾಯಕಳೂ ನಾನೆಂದೂ ಆಗಿರಲಿಲ್ಲ.

ಅಣ್ಣ ಕೊನೆಯ ಎಳೆ ಕೊಯ್ದು “ಬಿಟ್ಟಿತು, ತಂಗಿ,” ಎನ್ನುವ ಹೊತ್ತಿಗೆ ನನ್ನ ಅಂಗೈ ತಣ್ಣಗಾಗಿತ್ತು. ಉಬ್ಬರ ಇನ್ನೂ ದೂರವಿತ್ತು.

ಆಯಿ ಖಾಲಿ ಕೊಡ ತಬ್ಬಿಕೊಂಡು ಮರಳ ಮೇಲೆ ಕೂತು ಅತ್ತಳು. ಅಣ್ಣನೂ ಅತ್ತ, ಯಾರಿಗೂ ಮುಖ ತೋರಿಸದೆ. ಆಮೇಲೆ ಎದ್ದು, ಕೊಯ್ದ ಬಲೆಯ ಚೂರುಗಳನ್ನೆಲ್ಲ ಒಟ್ಟುಮಾಡಿ ಮುದ್ದೆ ಕಟ್ಟಿದ. ಮೊಣಕಾಲು ಮಟ್ಟದ ನೀರಿಗೆ ಇಳಿದು, ಹರಿದ ಬಲೆಯನ್ನು ನಮ್ಮವರು ಯಾವಾಗಲೂ ಮಾಡುವ ಹಾಗೆ, ಬೀಸಿ ಸಮುದ್ರಕ್ಕೆ ಎಸೆದ.

“ಅಣ್ಣಾ,” ಎಂದೆ.

ಅವನು ಕೈ ತೊಳೆದುಕೊಳ್ಳುತ್ತ ತಿರುಗಿ ನೋಡಿದ. ಕಣ್ಣು ಇನ್ನೂ ಕೆಂಪಗಿತ್ತು.

“ಎಂತ?” ಎಂದು ಕೇಳಿದ.