ನೀರು ಕೊಟ್ಟ ಮೇಲೆ ಕೇಳಬೇಕಾದ ಮಾತು

ಘಾನಾ ದೇಶದ ಹುಡುಗಿಯೊಬ್ಬಳು ಬಾಡಿಗೆಗೆ ಕೋಣೆ ಕೇಳಲು ಒಂದೇ ವಾರದಲ್ಲಿ ಮೂರು ಸಲ ನಮ್ಮ ಮನೆಗೆ ಬಂದಿದ್ದಳು. ಮೊದಲ ಎರಡು ಸಲ ನಾನು ಅವಳಿಗೆ ಹೊಟ್ಟೆ ತುಂಬ ತಿನ್ನಿಸಿ, ಯಾಕೆ ಬಂದಳೆಂದು ತಿಳಿಯದೆ ಹಾಗೇ ಕಳಿಸಿಬಿಟ್ಟೆ. ರವಿವಾರ ಬೆಳಿಗ್ಗೆ ಅವಳು ತಾನಿದ್ದ ಕೋಣೆ ಖಾಲಿ ಮಾಡಬೇಕಿತ್ತು. ನಮ್ಮ ಗೇಟಿಗೆ ‘ಕೋಣೆ ಬಾಡಿಗೆಗೆ ಇದೆ’ ಎಂಬ ಬೋರ್ಡು ತೂಗುತ್ತಲೇ ಇತ್ತು. ಆದರೂ ಹೀಗಾಯಿತು.

ಶಾಲೆಯಲ್ಲಿ ನನಗೆ ಪಾಠ ಹೇಳಿದ್ದ ಸಿಸ್ಟರ್ ಫೋನು ಮಾಡಿ, “ನಾಳೆ ಒಂದು ಹುಡುಗಿ ನಿಮ್ಮ ಮನಿಗೆ ಬರ್ತಾಳ, ಛಲೋತ್ನಾಗ ನೋಡ್ಕೊ” ಎಂದಷ್ಟೇ ಹೇಳಿದ್ದರು. ಸಿಸ್ಟರ್ ಮಾತಿಗೆ ಕಾರಣ ಕೇಳುವ ಧೈರ್ಯ ನನಗೆ ಈಗಲೂ ಇಲ್ಲ.

ಹುಡುಗಿ ನಮ್ಮ ರಾಯಚೂರಿನಲ್ಲೇ ಕೃಷಿ ಓದುತ್ತಿದ್ದಳು. ಚಂದ್ರಬಂಡದ ಹತ್ತಿರ ಒಂದು ಹೊಲದಲ್ಲಿ ಶೇಂಗಾ ಬೆಳೆಯ ಮೇಲೆ ಅವಳ ಸಂಶೋಧನೆ. ಅಲ್ಲಿ ಕಳೆ ಕೀಳುವ ಹೆಂಗಸರಿಂದ ನಮ್ಮ ಮಾತು ಕಲಿತಿದ್ದಳು. ಮೊದಲ ಸಲ ಚಪ್ಪಲಿಗಳನ್ನು ಬಾಗಿಲ ಪಕ್ಕ ಜೋಡಿಸಿಟ್ಟು ಒಳಗೆ ಬಂದಳು. ನಾನು ಬೆಲ್ಲ, ನೀರು ಕೊಟ್ಟೆ. ಬಲಗೈಯಲ್ಲೇ ತೆಗೆದುಕೊಂಡು ಕುಡಿದು, ಲೋಟ ಕೆಳಗಿಟ್ಟು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ಕುಳಿತಳು.

“ಇನ್ನೊಂದು ತುಣುಕು ಬೆಲ್ಲ ಕೊಡ್ಲೇನು?” ಎಂದೆ.

“ಸಾಕ್ರೀ.” ಮತ್ತೆ ಅದೇ ನೋಟ.

ಪಾಪ, ಹಸಿದಿರಬೇಕು ಎಂದುಕೊಂಡು ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಕಲಸಿ, ಮಿರ್ಚಿ ಕರಿದು ಕೊಟ್ಟೆ. ಬಂದವರನ್ನು ‘ಯಾಕೆ ಬಂದಿರಿ’ ಎಂದು ಕೇಳುವುದು ನಮ್ಮಲ್ಲಿ ಹೊಸ್ತಿಲಿಂದಾಚೆ ನೂಕಿದಂತೆ. ಹಾಗಾಗಿ ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಕೇಳಿದೆ. ಅವಳು ಪೇಪರಿನ ಅಂಚಿನಲ್ಲಿ ತನ್ನ ದೇಶದ ನಕ್ಷೆ ಬರೆದು ತೋರಿಸಿದಳು. ಪಶ್ಚಿಮ ಆಫ್ರಿಕಾದಲ್ಲಿ, ಕಡಲಿಗೆ ಮುಖ ಮಾಡಿ ನಿಂತ ನಾಡು. ದಕ್ಷಿಣಕ್ಕೆ ಕಾಡು, ಚಾಕಲೇಟು ಮಾಡುವ ಕೋಕೋ ಮರಗಳು. “ಉತ್ತರಕ್ಕ ನಿಮ್ಮ ರಾಯಚೂರಿನಂಗs ಅದರೀ. ಜ್ವಾಳ, ಶೇಂಗಾ, ಮತ್ತ ಬಿಸಿಲು.” ಆ ‘ಮತ್ತ ಬಿಸಿಲು’ ಎನ್ನುವಾಗ ಕಳೆ ಕೀಳುವವರಂತೆಯೇ ಹಣೆ ಒರೆಸಿಕೊಂಡಳು. ಸಂಜೆಯಾದಾಗ ಎದ್ದು ನಿಂತು, ಒಂದು ಕ್ಷಣ ತಡೆದು, ಹೋದಳು.

ಎರಡನೆಯ ಸಲವೂ ನೀರು, ಅದೇ ನೋಟ. ನಾನು ಅವಲಕ್ಕಿ ಕಲಸಿದೆ. ತಮ್ಮಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರೂ ಇರುತ್ತದೆ ಎಂದು ಅವಳು ಹೇಳಿದಳು. “ನೀವ್ ಯಾವ ವಾರ ಹುಟ್ಟೀರಿ?” ನನಗೆ ಗೊತ್ತಿರಲಿಲ್ಲ. ಮಾನ್ವಿಯಲ್ಲಿರುವ ನಮ್ಮವ್ವನಿಗೆ ಫೋನು ಹಚ್ಚಿದೆ.

“ಸಂತಿ ದಿನ ಹುಟ್ಟೀ ಬೇ. ಸುದ್ದಿ ಕೇಳಿ ನಿಮ್ಮಪ್ಪ ಕಾಯಿಪಲ್ಲೆ ಚೀಲ ಸಂತ್ಯಾಗs ಬಿಟ್ಟು ಓಡಿ ಬಂದಾನ. ಅವತ್ತ ಮನ್ಯಾಗ ಸಾರಿಲ್ಲ!”

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೋಗುವಾಗ ಗೇಟಿನ ಬೋರ್ಡಿನ ಧೂಳನ್ನು ಬೆರಳಿನಿಂದ ಒರೆಸಿದ್ದನ್ನು ಕಿಟಕಿಯಿಂದ ನೋಡಿದೆ. ಎಂಥ ಅಚ್ಚುಕಟ್ಟಿನ ಹುಡುಗಿ ಎಂದುಕೊಂಡೆ. ಅಷ್ಟೇ ಹೊಳೆದದ್ದು ನನಗೆ.

ಶನಿವಾರ ಮಧ್ಯಾಹ್ನ ಮೂರನೆಯ ಸಲ ಬಂದಳು. ಅಂದು ಬೆಳಿಗ್ಗೆಯಷ್ಟೇ ನಮ್ಮತ್ತೆ ದೇವದುರ್ಗದ ಮಗಳ ಮನೆಯಿಂದ ಬಂದಿದ್ದರು. ಹುಡುಗಿ ನೀರು ಕುಡಿದು ಲೋಟ ಇಟ್ಟಳು. ಅತ್ತೆ ಕನ್ನಡಕ ಸರಿಮಾಡಿಕೊಂಡು, “ಏನ್ ಯವ್ವಾ, ಯಾಕ ಬಂದಿ? ಏನ್ ಕೆಲಸ ಇತ್ತು?” ಎಂದುಬಿಟ್ಟರು.

“ಅತ್ತೀ!” ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಆದರೆ ಹುಡುಗಿಯ ಮುಖ ದೀಪ ಹಚ್ಚಿದಂತಾಯಿತು. ನೆಟ್ಟಗೆ ಕುಳಿತು ಶುರು ಮಾಡಿದಳು: “ಕೆಟ್ಟ ಸುದ್ದಿ ಏನಿಲ್ಲರೀ. ಎಲ್ಲಾ ಆರಾಮ ಅದ. ನನಗ ನಿಮ್ಮ ಮ್ಯಾಲಿನ ಖೋಲಿ ಬೇಕಾಗಿತ್ರೀ. ಶೇಂಗಾ ಕೀಳೂತನಕ. ನಾಳೆ ಮುಂಜಾನೆ ನನಗ ಇರಾಕ ಜಾಗ ಇಲ್ಲ.”

ಅವಳ ಮನೆಯ ಕಡೆ ರೂಢಿ ಹೀಗಂತೆ: ಬಂದವರನ್ನು ಕೂರಿಸಿ, ನೀರು ಕೊಟ್ಟು, ಆಮೇಲೆ ಮನೆಯವರೇ ‘ಬಂದ ಕಾರಣವೇನು’ ಎಂದು ಕೇಳಬೇಕು. ಕೇಳುವ ಮೊದಲೇ ಬಾಯಿ ತೆರೆಯುವುದು ಒರಟುತನ. ಕೇಳಿದ ಮೇಲೂ ಬಂದವರು ಮೊದಲು ‘ಕೆಟ್ಟ ಸುದ್ದಿ ಏನಿಲ್ಲ’ ಎಂದು ಹೇಳಿಯೇ ವಿಷಯಕ್ಕೆ ಬರಬೇಕು. ಈ ಊರಲ್ಲಿ ನಾಲ್ಕು ಮನೆಗಳ ಗೇಟಿನಲ್ಲಿ ನಿಂತು ತಾನಾಗಿಯೇ ಕೇಳಿದ್ದಳು. ನಾಲ್ವರೂ ಗೇಟಿನಿಂದಲೇ ಖಾಲಿ ಇಲ್ಲ ಎಂದರು. “ನೀವು ನೀರು ಕೊಟ್ರಿ. ನೀರು ಕೊಟ್ಟವರು ಕೇಳ್ತಾರ ಅಂತ ಕುಂತೆ.”

ನಾನು ಸೆರಗಿನ ಅಂಚು ಸುತ್ತುತ್ತ ಕುಳಿತೆ. ಅತ್ತೆ ಮಾತ್ರ ವಿಚಾರಣೆ ಮುಂದುವರಿಸಿದರು.

“ಮೀನ ತಿಂತೀಯೇನು?”

“ತಿಂತೀನ್ರೀ.”

“ನಮ್ಮ ಮನ್ಯಾಗ ನಡೆಂಗಿಲ್ಲ. ಹೊರಗ ತಿಂದು, ಬಾಯಿ ತೊಳ್ಕೊಂಡು ಬಾ.”

“ಶೇಂಗಾ ಸಾರು ಮಾಡಬಹುದೇನ್ರೀ?”

“ಶೇಂಗಾ ಬ್ಯಾಡ ಅನ್ನಾಕ ನಮಗೇನ್ ಹುಚ್ಚೇನು? ಹೋಗು, ಸಾಮಾನು ತೊಗೊಂಬಾ.”

ಹುಡುಗಿ ಓಡಿದಳು. ನಾನು ಸಿಸ್ಟರ್‌ಗೆ ಫೋನು ಮಾಡಿ, ನೀವಾದರೂ ಹೇಳಬಾರದಿತ್ತೇ ಎಂದೆ. “ಗೇಟಿಗೆ ಬೋರ್ಡ್ ಹಾಕ್ದಾಕಿ ನೀನು, ನಾ ಏನ್ ಹೇಳ್ಲಿ?” ಎಂದು ಹಳೆಯ ಕ್ಲಾಸಿನ ದನಿಯಲ್ಲೇ ಗದರಿದರು.

ಬಂದ ಮರುವಾರ ಅವಳು ತನ್ನ ದೇಶದ ಅಡುಗೆ ಮಾಡಿದಳು. ಅಕ್ಕಿ, ಅಲಸಂದಿ ಕೂಡಿಸಿ, ಜೋಳದ ಒಣಗಿದ ಎಲೆ ಹಾಕಿ ಬೇಯಿಸುವುದು. ಎಲೆಯಿಂದ ಅನ್ನ ಕೆಂಪಗಾಗುತ್ತದಂತೆ. ಕಲ್ಲೂರಿನ ನಮ್ಮ ನೆಂಟರ ಹೊಲದಿಂದ ಎಲೆ ತರಿಸಿದೆವು. ನಮ್ಮ ಬಿಳಿಜೋಳದ ಎಲೆ ಎಷ್ಟು ಕುದಿಸಿದರೂ ಬಣ್ಣ ಬಿಡಲಿಲ್ಲ. ಅವಳ ಮುಖ ಸಣ್ಣದಾಯಿತು. ಅತ್ತೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಕಲಸಿಕೊಂಡು ಎರಡು ಸಲ ಹಾಕಿಸಿಕೊಂಡರು. “ಬಣ್ಣ ತೊಗೊಂಡು ಏನ್ ಮಾಡ್ತಿ, ರುಚಿ ಅದ” ಎಂದರು.

ಈಗ ಅವಳು ಮೆಟ್ಟಿಲಿಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರೆ, ಒಲೆಯ ಮೇಲೆ ಏನೇ ಇರಲಿ, ನಾನು ಮೊದಲು ಲೋಟ ನೀರು ಕೊಡುತ್ತೇನೆ. ಅವಳು ಕುಡಿದು ಮುಗಿಸುವವರೆಗೆ ಕಾದು ಕೇಳುತ್ತೇನೆ: “ಯಾಕ ಬಂದಿ ಯವ್ವಾ?”

“ಕೆಟ್ಟ ಸುದ್ದಿ ಏನಿಲ್ಲರೀ,” ಎನ್ನುತ್ತಾಳೆ ಗಂಭೀರವಾಗಿ. “ಉಪ್ಪು ತೀರ್ಯದ.”